ಕುಂಜಿಬೆಟ್ಟಿನ ಸಂಗೀತ ತರಗತಿ: ಆಟಿಸಂ ಇರುವ ವಿದ್ಯಾರ್ಥಿನಿಯ ಅತ್ತೆ ಬರೆದ ವಿಮರ್ಶೆ

ಉಡುಪಿಯ ಕುಂಜಿಬೆಟ್ಟಿನಲ್ಲಿ, ಮಣಿಪಾಲಕ್ಕೆ ಹೋಗುವ ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಮನೆಯ ಹಿಂಬದಿಯ ಕೋಣೆಯಲ್ಲಿ ನಡೆಯುವ ಕರ್ನಾಟಕ ಸಂಗೀತದ ತರಗತಿಯನ್ನು ಕುರಿತ ವಿಮರ್ಶೆ ಇದು. ತಮ್ಮ ಹೆಸರನ್ನಾಗಲಿ ಮನೆಯ ಗುರುತನ್ನಾಗಲಿ ಬರೆಯಬಾರದೆಂದು ಕಲಿಸುವ ಟೀಚರ್ ಕೇಳಿಕೊಂಡಿದ್ದಾರೆ. ಈಗಿರುವ ವಿದ್ಯಾರ್ಥಿಗಳಿಗೇ ಸಮಯ ಸಾಲುತ್ತಿಲ್ಲ ಎಂಬುದು ಅವರ ಕಾರಣ. ಹೆಸರಿಲ್ಲದ ತರಗತಿಯ ವಿಮರ್ಶೆಯಿಂದ ಓದುವವರಿಗೆ ಏನು ಲಾಭ ಎಂದು ಕೇಳಬಹುದು. ಆಟಿಸಂ ಇರುವ ಮಗುವಿಗೆ ಸಂಗೀತ ಕಲಿಸಲು ಉಡುಪಿ, ಮಂಗಳೂರುಗಳಲ್ಲಿ ಹುಡುಕಾಡುತ್ತಿರುವ ಮನೆಯವರು ಯಾವ ತರಗತಿಗೆ ಹೋದರೂ ಅಲ್ಲಿ ಏನನ್ನು ಗಮನಿಸಬೇಕು, ಏನನ್ನು ಕೇಳಿ ತಿಳಿಯಬೇಕು ಎಂಬುದು ಇಲ್ಲಿನ ಕ್ರಮವನ್ನು ನೋಡಿದರೆ ಸ್ಪಷ್ಟವಾಗುತ್ತದೆ ಎಂದು ನನಗೆ ಅನ್ನಿಸಿದ್ದರಿಂದ ಬರೆಯುತ್ತಿದ್ದೇನೆ.

ನನ್ನ ತಮ್ಮನ ಮಗಳು ಇಲ್ಲಿಯ ವಿದ್ಯಾರ್ಥಿನಿ. ಅವಳಿಗೆ ಈಗ ಹನ್ನೆರಡು ವರ್ಷ. ತಮ್ಮನೂ ಅವನ ಹೆಂಡತಿಯೂ ಉದ್ಯೋಗದಲ್ಲಿರುವುದರಿಂದ ಕರೆದುಕೊಂಡು ಹೋಗುವುದು, ಮುಗಿಯುವವರೆಗೆ ಚಾವಡಿಯಲ್ಲಿ ಕುಳಿತಿರುವುದು ನನ್ನ ಪಾಲಿಗೆ ಬಂದಿದೆ. ಬಾಲ್ಯದಲ್ಲಿ ಸಂಗೀತದ ಜೂನಿಯರ್ ಪರೀಕ್ಷೆಯವರೆಗೆ ನಾನೂ ಕಲಿತವಳಾದ್ದರಿಂದ, ಒಳಗೆ ನಡೆಯುವ ಪಾಠದಲ್ಲಿ ಯಾವುದು ರೂಢಿಯದ್ದು, ಯಾವುದು ಇವರು ಬದಲಿಸಿಕೊಂಡದ್ದು ಎಂಬುದು ಕಿವಿಗೆ ತಿಳಿಯುತ್ತದೆ. ವಾರಕ್ಕೆ ಎರಡು ಪಾಠ: ಒಂದು ಅವಳೊಬ್ಬಳಿಗೇ ಅರ್ಧ ಗಂಟೆ, ಇನ್ನೊಂದು ನಾಲ್ಕೈದು ಮಂದಿಯ ಗುಂಪಿನಲ್ಲಿ ಮುಕ್ಕಾಲು ಗಂಟೆ. ಶುಲ್ಕ ತಿಂಗಳಿಗೆ 1,800 ರೂಪಾಯಿ. ಈ ಊರಿನ ಸಾಮಾನ್ಯ ಸಂಗೀತ ತರಗತಿಗಳಿಗೆ ಹೋಲಿಸಿದರೆ ಇದು ಹೆಚ್ಚು. ಗುಂಪಿನಲ್ಲಿ ಆಟಿಸಂ ಇರುವ ಇನ್ನೊಬ್ಬ ಹುಡುಗ, ಡಿಸ್ಲೆಕ್ಸಿಯಾ (ಓದುವುದರಲ್ಲಿ ತೊಡಕು) ಇರುವ ಹೈಸ್ಕೂಲು ವಿದ್ಯಾರ್ಥಿ ಮತ್ತು ಯಾವ ವೈದ್ಯಕೀಯ ಹೆಸರೂ ಅಂಟಿಕೊಳ್ಳದ ಇಬ್ಬರು ಹುಡುಗಿಯರಿದ್ದಾರೆ. ‘ವಿಶೇಷ ಮಕ್ಕಳ ಸಂಗೀತ’ ಎಂದು ಯಾರಾದರೂ ಹೇಳಿದರೆ ಟೀಚರ್ ಕೂಡಲೇ ತಿದ್ದುತ್ತಾರೆ. ಎಲ್ಲರಿಗೂ ಅವೇ ಆರಂಭದ ಸ್ವರಪಾಠಗಳು: ಅದೇ ಸರಳೆ, ಅದೇ ಜಂಟಿ, ಅದೇ ಅಲಂಕಾರ.

ಇಲ್ಲಿಗೆ ಬರುವ ಮೊದಲು ಬೇರೊಂದು ಕಡೆ ಸೇರಿಸಿದ್ದೆವು. ಅಲ್ಲಿಯವರು ಕೆಟ್ಟವರಲ್ಲ, ಹುಡುಗಿ ಹಿಂದೆ ಮುಂದೆ ತೂಗುತ್ತಾಳೆ, ಕಣ್ಣಿಗೆ ಕಣ್ಣು ಕೊಡುವುದಿಲ್ಲ, ಉಳಿದವರ ಗಮನ ಹಾಳಾಗುತ್ತದೆ ಎಂದು ಹೇಳಿ ‘ಸ್ವಲ್ಪ ಸರಿಯಾದ ಮೇಲೆ’ ಕರೆತರಲು ಸೂಚಿಸಿದರು. ಸರಿಯಾಗುವುದೆಂದರೆ ಏನು ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈ ತರಗತಿಯ ಮುಖ್ಯ ಗುಣ ಇರುವುದು ಹೇಳಿಕೊಡುವ ವಿಧಾನದಲ್ಲಿ, ಅದರಲ್ಲೂ ಮಾತಿನ ಬಳಕೆಯಲ್ಲಿ. ನಮ್ಮ ಹುಡುಗಿ ಕೇಳಿದ ಮಾತನ್ನು ಕೇಳಿದ ಧಾಟಿಯಲ್ಲೇ ತಿರುಗಿ ಹೇಳುತ್ತಾಳೆ. ವೈದ್ಯರು ಇದನ್ನು ಎಕೋಲೇಲಿಯಾ ಎನ್ನುತ್ತಾರೆ. ಶಾಲೆಯಲ್ಲಿ ಇದು ದೋಷವೆಂದು ಎಣಿಕೆಯಾಗುತ್ತದೆ. ಆದರೆ ಗುರು ಹಾಡಿದ್ದನ್ನು ಶಿಷ್ಯ ಹಾಗೆಯೇ ತಿರುಗಿ ಹಾಡುವುದೇ ಕರ್ನಾಟಕ ಸಂಗೀತದ ಪಾಠಕ್ರಮವಾದ್ದರಿಂದ, ಇಲ್ಲಿ ಆ ಅಭ್ಯಾಸ ಅವಳಿಗೆ ಮೊದಲ ದಿನದಿಂದಲೇ ನೆರವಾಯಿತು. ತೊಡಕು ಬಂದದ್ದು ಬೇರೆ ಕಡೆ. ‘ಸರಿಗಮ’ ಎಂದು ಹಾಡಿದರೆ ಅವಳೂ ‘ಸರಿಗಮ’ ಎಂದು ಹಾಡುತ್ತಿದ್ದಳು. ‘ಈಗ ನೀನು ಹೇಳು ನೋಡುವ’ ಎಂದರೆ ಅದನ್ನೂ ಅದೇ ಶ್ರುತಿಗೆ ಸೇರಿಸಿ ಹಾಡುತ್ತಿದ್ದಳು. ಟೀಚರ್ ಇದಕ್ಕೆ ಕಂಡುಕೊಂಡ ಉಪಾಯ ಸರಳವಾದದ್ದು: ಹಾಡಬೇಕಾದದ್ದನ್ನು ಮಾತ್ರ ಬಾಯಲ್ಲಿ ಹೇಳುವುದು, ಉಳಿದ ಸೂಚನೆಗಳನ್ನೆಲ್ಲ ಕಾರ್ಡುಗಳ ಮೂಲಕ ತೋರಿಸುವುದು. ‘ಕೇಳು’, ‘ಹಾಡು’, ‘ಇನ್ನೊಮ್ಮೆ’, ‘ಎರಡನೆಯ ಕಾಲ’ (ಅಂದರೆ ಇಮ್ಮಡಿ ವೇಗ), ‘ನೀರು’, ‘ಸಾಕು’ ಎಂಬ ಕಾರ್ಡುಗಳು ಚಾಪೆಯ ಮೇಲೆ ಸಾಲಾಗಿರುತ್ತವೆ. ‘ಸಾಕು’ ಎಂಬ ಕಾರ್ಡನ್ನು ಮಕ್ಕಳೂ ಎತ್ತಿ ತೋರಿಸಬಹುದು, ತೋರಿಸಿದರೆ ಪಾಠ ನಿಲ್ಲುತ್ತದೆ. ಯಾಕೆ, ಏನು ಎಂಬ ವಿಚಾರಣೆ ಇಲ್ಲ. ಆರಂಭದಲ್ಲಿ ಎಲ್ಲ ಮಕ್ಕಳೂ ಈ ಕಾರ್ಡನ್ನು ಧಾರಾಳವಾಗಿ ಬಳಸಿದರಂತೆ, ಈಗ ಅಪರೂಪ.

ಪಾಠದ ಮುನ್ಸೂಚನೆಯೂ ಇದೇ ರೀತಿಯದ್ದು. ಆ ದಿನ ಏನೇನಿದೆ ಎಂಬುದು ಸ್ಲೇಟಿನ ಮೇಲೆ ಮೊದಲೇ ಬರೆದಿರುತ್ತದೆ, ಮುಗಿದದ್ದನ್ನು ಮಕ್ಕಳೇ ಒರೆಸುತ್ತಾರೆ. ಹೊಸದೊಂದನ್ನು ಸೇರಿಸುವುದಿದ್ದರೆ ಹಿಂದಿನ ವಾರವೇ ತಿಳಿಸಲಾಗುತ್ತದೆ. ಯೋಚಿಸಿ ನೋಡಿದರೆ, ನಮ್ಮ ಪ್ರಾಥಮಿಕ ಪಾಠಗಳೇ ಮುಂದೇನು ಬರುತ್ತದೆಂದು ತಿಳಿಯಬಯಸುವ ಮನಸ್ಸಿಗೆ ಹೇಳಿ ಮಾಡಿಸಿದಂತಿವೆ. ಪುರಂದರದಾಸರ ಹೆಸರಿನಲ್ಲಿ ನಡೆದುಬಂದಿರುವ ಈ ಕ್ರಮದಲ್ಲಿ ಮೊದಲ ರಾಗ, ಮೇಳಗಳೆಂಬ 72 ಮೂಲರಾಗಗಳ ಪಟ್ಟಿಯಲ್ಲಿ 15ನೆಯದಾದ ಮಾಯಾಮಾಳವಗೌಳ. ಅದರ ಷಡ್ಜ (ಅಂದರೆ ‘ಸ’), ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮಗಳ ನಡುವಿನ ಅಂತರ ಹೇಗಿದೆಯೋ, ಪಂಚಮ, ಶುದ್ಧ ಧೈವತ, ಕಾಕಲಿ ನಿಷಾದ, ಮೇಲಿನ ಷಡ್ಜಗಳ ನಡುವೆಯೂ ಹಾಗೆಯೇ ಇದೆ. ಕೆಳಗಿನ ಅರ್ಧವನ್ನು ಕಲಿತವರಿಗೆ ಮೇಲಿನ ಅರ್ಧ ಅಪರಿಚಿತವಾಗುವುದಿಲ್ಲ. ಸರಳೆಗಳೆಲ್ಲ ಆದಿತಾಳದ ಎಂಟು ಅಕ್ಷರಗಳಿಗೆ ಕರಾರುವಾಕ್ಕಾಗಿ ಹೊಂದುತ್ತವೆ. ಒಂದನೆಯ ಕಾಲದಲ್ಲಿ ಅಕ್ಷರಕ್ಕೆ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ನಾನು ಕಲಿಯುವಾಗ ಬೇಸರ ತರಿಸಿದ್ದ ಈ ಪುನರಾವರ್ತನೆ ಅವಳಿಗೆ ಸುಖ ಕೊಡುವುದನ್ನು ನೋಡಿದಾಗ, ಬೇಸರ ಸರಳೆಯದೋ ನನ್ನದೋ ಎಂಬ ಸಂಶಯ ಬಂದಿತು.

ಶ್ರುತಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇದನ್ನು ತಿಳಿಯದ ಅಧ್ಯಾಪಕರು ಒಳ್ಳೆಯ ವಿದ್ಯಾರ್ಥಿಯನ್ನು ಹಟಮಾರಿ ಎಂದುಕೊಳ್ಳುವ ಸಾಧ್ಯತೆ ಹೆಚ್ಚು. ಯಾವ ಆಧಾರಸ್ವರವನ್ನೂ ಕೇಳಿಸಿಕೊಳ್ಳದೆ ಒಂದು ನಾದದ ನಿಖರ ಎತ್ತರವನ್ನು ಗುರುತಿಸುವ ಶಕ್ತಿ, ಅಂದರೆ ಆಬ್ಸಲ್ಯೂಟ್ ಪಿಚ್, ಜನಸಾಮಾನ್ಯರಲ್ಲಿ ಬಹಳ ವಿರಳ; ಹತ್ತು ಸಾವಿರಕ್ಕೆ ಒಬ್ಬರೆಂಬ ಅಂದಾಜು ರೂಢಿಯಲ್ಲಿದೆ. ಆಟಿಸಂ ಇರುವವರಲ್ಲಿ ಇದು ಅದಕ್ಕಿಂತ ಹೆಚ್ಚಾಗಿ ಕಂಡುಬರುತ್ತದೆಂದು ಸಂಶೋಧಕರು ಗುರುತಿಸಿದ್ದಾರೆ. ಪಾಶ್ಚಾತ್ಯ ಸಂಗೀತದಲ್ಲಿ ಇದೊಂದು ವರ. ನಮ್ಮ ಪದ್ಧತಿಯಲ್ಲಿ ಷಡ್ಜ ಹಾಡುವವರ ಕಂಠಕ್ಕೆ ತಕ್ಕಂತೆ ಮೇಲೆ ಕೆಳಗೆ ಹೋಗುತ್ತದೆ, ಹಾಗಾಗಿ ಇಂಥ ಕಿವಿಯವರಿಗೆ ಅದೇ ಸಂಕಟಕ್ಕೆ ಕಾರಣವಾಗಬಹುದು. ನಮ್ಮ ಹುಡುಗಿ ಐದೂವರೆ ಶ್ರುತಿಗೆ ಹಾಡುತ್ತಾಳೆ (ಷಡ್ಜದ ಎತ್ತರವನ್ನು ಹೀಗೆ ಸಂಖ್ಯೆಯಲ್ಲಿ ಹೇಳುವುದು ರೂಢಿ). ಗುಂಪಿನ ಪಾಠದಲ್ಲಿ ಉಳಿದವರಿಗಾಗಿ ಶ್ರುತಿಪೆಟ್ಟಿಗೆಯನ್ನು ಐದಕ್ಕೆ ಇಳಿಸಿದ ದಿನ ಅವಳು ಕಿವಿ ಮುಚ್ಚಿಕೊಂಡು ‘ಇದು ಸ ಅಲ್ಲ’ ಎಂದು ಅಳಲು ತೊಡಗಿದಳು. ಅವಳ ದೃಷ್ಟಿಯಲ್ಲಿ ಅದು ಸತ್ಯವೇ ಆಗಿತ್ತು. ಅವಳಿಗೆ ‘ಸ’ ಎಂದರೆ ಒಂದು ನಿರ್ದಿಷ್ಟ ನಾದ, ಇವರು ಬೇರೊಂದು ನಾದವನ್ನು ಆ ಹೆಸರಿನಿಂದ ಕರೆಯುತ್ತಿದ್ದರು. ಟೀಚರ್ ಅಂದು ವಾದಿಸಲಿಲ್ಲ, ಶ್ರುತಿಯನ್ನು ಮೇಲಕ್ಕೆ ಏರಿಸಿ ಪಾಠ ಮುಗಿಸಿದರು. ಮುಂದಿನ ತಿಂಗಳುಗಳಲ್ಲಿ ‘ಐದೂವರೆಯ ಸ’, ‘ಐದರ ಸ’, ‘ನಾಲ್ಕರ ಸ’ ಎಂದು ಪ್ರತಿಯೊಂದಕ್ಕೂ ಬೇರೆ ಬೇರೆ ಹೆಸರು ಕೊಟ್ಟು, ಹಾರ್ಮೋನಿಯಂನ ಮನೆಗಳ ಮೇಲೆ ತೋರಿಸಿ, ಒಂದೇ ಮನೆಯ ನಾದ ಒಮ್ಮೆ ಷಡ್ಜವೂ ಇನ್ನೊಮ್ಮೆ ಪಂಚಮವೂ ಆಗುವುದನ್ನು ಆಟವಾಗಿ ಮಾಡಿದರು. ಈಗ ಶ್ರುತಿ ಬದಲಾದರೆ ಅವಳೇ ‘ಐದರ ಸ’ ಎಂದು ಘೋಷಿಸಿ ಹಾಡಲು ತೊಡಗುತ್ತಾಳೆ. ಇಷ್ಟು ಸೂಕ್ಷ್ಮವಾಗಿ ವಿದ್ಯಾರ್ಥಿಯ ತೊಂದರೆಯ ಮೂಲವನ್ನು ಹುಡುಕಿದ ಅಧ್ಯಾಪಕರನ್ನು ನಾನು ಬೇರೆ ಯಾವ ವಿಷಯದಲ್ಲೂ ಕಂಡಿಲ್ಲ.

ಗಮಕದ, ಅಂದರೆ ಸ್ವರವನ್ನು ಅಲುಗಿಸಿ ಹಾಡುವ ಕ್ರಮದ ವಿಷಯದಲ್ಲಿ ಟೀಚರ್ ರಿಯಾಯಿತಿ ಕೊಡಲಿಲ್ಲ ಎಂಬುದು ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. ಮಲಹರಿ ರಾಗದ ಗೀತೆಗಳವರೆಗೆ ಸ್ವರಗಳನ್ನು ಬಹುಮಟ್ಟಿಗೆ ನೇರವಾಗಿ ಹಾಡಿಕೊಂಡು ಹೋಗಬಹುದು. ಅವುಗಳಿಗಿಂತ ಮುಂದಿನ ಹಂತದ ರಚನೆಯಾದ ವರ್ಣಕ್ಕೆ ಬಂದಾಗ ಸ್ವರ ತನ್ನ ಜಾಗದಲ್ಲಿ ನಿಲ್ಲದೆ ಅಲುಗುತ್ತದೆ, ಜಾರುತ್ತದೆ, ಪಕ್ಕದ ಸ್ವರವನ್ನು ಮುಟ್ಟಿ ಬರುತ್ತದೆ. ನಿಂತ ಸ್ವರವನ್ನೇ ಸತ್ಯವೆಂದು ನಂಬಿದ ಮಗು ಇದನ್ನು ತಪ್ಪೆಂದು ತಿಳಿಯುತ್ತದೆ. ‘ಪಾಪ, ಅವಳಿಗೆ ಇಷ್ಟು ಸಾಕು’ ಎಂದು ನೇರ ಸ್ವರದಲ್ಲೇ ಹಾಡಿಸಿ ಬಿಟ್ಟುಬಿಡುವುದು ಸುಲಭವಿತ್ತು, ನಾವೂ ಒಪ್ಪಿಕೊಳ್ಳುತ್ತಿದ್ದೆವು. ಟೀಚರ್ ಪ್ರತಿ ಗಮಕವನ್ನೂ ಬಿಡಿ ಸ್ವರಗಳಾಗಿ ಬಿಡಿಸಿ, ಎಲ್ಲಿ ಹೊರಟು ಎಲ್ಲಿಗೆ ಮುಟ್ಟಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕಾಗದದ ಮೇಲೆ ಗೆರೆಯಾಗಿ ಬರೆದು, ಅತಿ ನಿಧಾನದಲ್ಲಿ ಹಾಡಿಸಿ, ವೇಗ ಹೆಚ್ಚಿದಂತೆ ಆ ಬಿಡಿ ಸ್ವರಗಳು ತಾವಾಗಿ ಬೆಸೆದುಕೊಳ್ಳುವವರೆಗೆ ಕಾದರು. ಮೊದಲ ವರ್ಣದ ಪಲ್ಲವಿಗೇ ಒಂದು ಮಳೆಗಾಲ ಕಳೆಯಿತು. ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣ ಎಂಬ ಮಾತನ್ನು ಈಗ ಪ್ರತಿ ಶಾಲೆಯ ಫಲಕದಲ್ಲೂ ಕಾಣುತ್ತೇವೆ; ಬಹಳಷ್ಟು ಕಡೆ ಅದರ ಅರ್ಥ ಮಗುವನ್ನು ಒಳಗೆ ಕೂರಿಸಿ ಅದರಿಂದ ಏನನ್ನೂ ನಿರೀಕ್ಷಿಸದಿರುವುದು. ಇಲ್ಲಿ ದಾರಿ ಬದಲಾಯಿತು, ತಲುಪಬೇಕಾದ ಜಾಗ ಬದಲಾಗಲಿಲ್ಲ.

ತಾಳ ಹಾಕಿಸುವಾಗ ಮಗುವಿನ ಕೈಯನ್ನು ಹಿಡಿದು ತೊಡೆಯ ಮೇಲೆ ಬಡಿಸುವುದು ನಮ್ಮಲ್ಲಿ ಸಾಮಾನ್ಯ. ಈ ತರಗತಿಯಲ್ಲಿ ಕೇಳದೆ ಯಾರ ಕೈಯನ್ನೂ ಮುಟ್ಟುವುದಿಲ್ಲ. ಟೀಚರ್ ತಾವು ಎದುರು ಕುಳಿತು ಒಂದು ಪೆಟ್ಟು, ಮೂರು ಬೆರಳು, ಮತ್ತೆ ಪೆಟ್ಟು, ಹುಸಿ (ಅಂಗೈ ಮೇಲಾಗಿ ತಿರುಗಿಸುವುದು), ಪೆಟ್ಟು, ಹುಸಿ ಎಂದು ದೊಡ್ಡದಾಗಿ ಹಾಕಿ ತೋರಿಸುತ್ತಾರೆ. ಹುಡುಗಿಯ ತೂಗಾಟವನ್ನು ನಿಲ್ಲಿಸುವ ಪ್ರಯತ್ನ ನಡೆಯಲೇ ಇಲ್ಲ. ಅವಳು ತೂಗುವ ವೇಗ ಬಹಳ ಸ್ಥಿರವಾಗಿದೆ ಎಂಬುದನ್ನು ಗಮನಿಸಿ, ಒಂದು ತೂಗಿಗೆ ಎರಡು ಅಕ್ಷರ ಎಂಬ ಲೆಕ್ಕದಲ್ಲಿ ಅದನ್ನೇ ಲಯಕ್ಕೆ ಆಧಾರವಾಗಿ ಇಟ್ಟುಕೊಂಡರು. ಗುಂಪಿನ ಪಾಠದಲ್ಲಿ ವೇಗ ಏರುವುದು ಮಕ್ಕಳ ಸಹಜ ಅಭ್ಯಾಸ. ಆಗ ಉಳಿದವರು ಇವಳನ್ನು ನೋಡಿ ಸರಿಪಡಿಸಿಕೊಳ್ಳುತ್ತಾರೆ.

ಇನ್ನೊಂದು ಸಣ್ಣ ಸಂಗತಿ. ಅವಳಿಗೆ ಸಂಖ್ಯೆಗಳೆಂದರೆ ಪ್ರಾಣ. ಇದನ್ನು ತಿಳಿದ ಟೀಚರ್ ಏಳು ತಾಳಗಳಿಗೆ ಐದು ಜಾತಿಗಳನ್ನು (ಎಣಿಕೆಯ ಬಗೆಗಳನ್ನು) ಸೇರಿಸಿದರೆ ಮೂವತ್ತೈದಾಗುವ ಪಟ್ಟಿಯನ್ನೂ, 72 ಮೇಳಗಳ ಸಂಖ್ಯೆಯನ್ನು ಹೆಸರಿನ ಮೊದಲೆರಡು ಅಕ್ಷರಗಳಿಂದ ಕಂಡುಹಿಡಿಯುವ, ಪ್ರತಿ ಅಕ್ಷರಕ್ಕೂ ಒಂದು ಅಂಕಿ ಕೊಡುವ ಕಟಪಯಾದಿ ಸೂತ್ರವನ್ನೂ ಹೇಳಿಕೊಟ್ಟರು. ‘ಮಾ’ ಐದು, ‘ಯಾ’ ಒಂದು, ತಿರುಗಿಸಿದರೆ ಹದಿನೈದು. ಅಂದಿನಿಂದ ಮನೆಗೆ ಬಂದವರೆಲ್ಲ ಒಂದು ಮೇಳದ ಹೆಸರು ಹೇಳಬೇಕು. ಮೇಚಕಲ್ಯಾಣಿ ಎಂದರೆ ಅರೆಕ್ಷಣದಲ್ಲಿ 65 ಎಂಬ ಉತ್ತರ ಬರುತ್ತದೆ. ನೆಂಟರು ಇದನ್ನು ಕಂಡು ಬೆರಗಾಗುತ್ತಾರೆ, ಟೀಚರ್ ಮಾತ್ರ ಬೆರಗಾಗುವುದಿಲ್ಲ. ಪಟ್ಟಿ ಬಂದ ಮಾತ್ರಕ್ಕೆ ರಾಗ ಬಂದಂತಲ್ಲ ಎಂದು ಅವರು ಸ್ಪಷ್ಟವಾಗಿಯೇ ಹೇಳುತ್ತಾರೆ. ಆಟಿಸಂ ಎಂದರೆ ಅದ್ಭುತ ಸಂಗೀತ ಪ್ರತಿಭೆ ಎಂಬ ಕಲ್ಪನೆ ಹಳೆಯದು. ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳನ್ನು ಕುರಿತು ಬರೆದ, ಆಟಿಸಂ ಬಗೆಗಿನ ತಮ್ಮ ಮೊದಲ ಪ್ರಬಂಧದಲ್ಲೇ, ಒಂದೂವರೆ ವರ್ಷಕ್ಕೆ ಹದಿನೆಂಟು ಸಿಂಫನಿಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತಿದ್ದ ಹುಡುಗನೊಬ್ಬನ ಉಲ್ಲೇಖವಿದೆ. ಆದರೆ ಗುಂಪಿನಲ್ಲಿರುವ, ಆಟಿಸಂ ಇರುವ ಇನ್ನೊಬ್ಬ ಹುಡುಗನಿಗೆ ಶ್ರುತಿ ಸೇರುವುದು ಇಂದಿಗೂ ಕಷ್ಟ. ಅವನಿಗೆ ಹಾಡುವುದು ಇಷ್ಟ, ಅದಕ್ಕಾಗಿ ಬರುತ್ತಾನೆ. ಅವನ ಪಾಠಕ್ಕೂ ಅಷ್ಟೇ ಸಮಯ, ಅಷ್ಟೇ ತಿದ್ದುವಿಕೆ.

ವಯಸ್ಕರಿಗೂ ಇಲ್ಲಿ ಜಾಗವಿದೆ. ಎಡಿಎಚ್‌ಡಿ (ಗಮನ ನಿಲ್ಲಿಸಲು, ಸುಮ್ಮನೆ ಕೂರಲು ಕಷ್ಟವಾಗುವ ಸ್ಥಿತಿ) ಇರುವ, ಮಣಿಪಾಲದಲ್ಲಿ ಕೆಲಸದಲ್ಲಿರುವ ಯುವಕರೊಬ್ಬರು ಸಂಜೆಯ ಹೊತ್ತು ಬರುತ್ತಾರೆ. ಅವರಿಗೆ ಅರ್ಧ ಗಂಟೆಯನ್ನು ಹತ್ತು ಹತ್ತು ನಿಮಿಷಗಳ ಮೂರು ಭಾಗ ಮಾಡಿ, ನಡುವೆ ಅಂಗಳದಲ್ಲಿ ಒಂದು ಸುತ್ತು ಹಾಕಲು ಬಿಡುತ್ತಾರೆ. ಡಿಸ್ಲೆಕ್ಸಿಯಾ ಇರುವ ಹುಡುಗನಿಗೆ ಪುಸ್ತಕದ ಸ್ವರಲಿಪಿ ದೊಡ್ಡ ತೊಡಕಾಗಿತ್ತು. ಒತ್ತೊತ್ತಾಗಿ ಮುದ್ರಿಸಿದ ‘ಸ ರಿ ಗ ಮ’ಗಳ ಮೇಲೆ ಎತ್ತರದ ತಾರಸ್ಥಾಯಿಗೊಂದು ಚುಕ್ಕೆ, ಕೆಳಗೆ ತಗ್ಗಿನ ಮಂದ್ರಕ್ಕೊಂದು ಚುಕ್ಕೆ, ನಡುವೆ ತಾಳದ ಗೆರೆಗಳು, ಸರಿಯಾಗಿ ಓದಬಲ್ಲವರಿಗೇ ಕಣ್ಣು ತಪ್ಪುತ್ತದೆ. ಟೀಚರ್ ಪುಟಕ್ಕೆ ತಾಳದ ನಾಲ್ಕೇ ಸುತ್ತು ಬರುವಂತೆ ದೊಡ್ಡ ಅಕ್ಷರಗಳಲ್ಲಿ ಬರೆದು, ಮೂರು ಸ್ಥಾಯಿಗೆ ಮೂರು ಬಣ್ಣ ಕೊಟ್ಟಿದ್ದಾರೆ. ಈಗ ಉಳಿದ ಮಕ್ಕಳೂ ಅದೇ ಹಾಳೆಗಳ ಜೆರಾಕ್ಸ್ ಕೇಳುತ್ತಾರೆ, ಬಣ್ಣವನ್ನು ತಾವೇ ಹಚ್ಚಿಕೊಳ್ಳುತ್ತಾರೆ.

ಕೋಣೆಯ ವ್ಯವಸ್ಥೆ ಚೆನ್ನಾಗಿದೆ, ಆದರೆ ಪೂರ್ತಿ ತೃಪ್ತಿಕರವಲ್ಲ. ಮಿಣುಕುತ್ತಿದ್ದ ಟ್ಯೂಬ್‌ಲೈಟನ್ನು ತೆಗೆಸಿ ಹಳದಿ ಬೆಳಕಿನ ಬಲ್ಬು ಹಾಕಿಸಿದ್ದಾರೆ, ಮೂಲೆಯಲ್ಲಿ ಕಿವಿ ಮುಚ್ಚುವ ಇಯರ್ ಮಫ್‌ಗಳಿವೆ, ಮೈಕು ಬಳಸುವುದಿಲ್ಲ. ಆದರೆ ಆ ಕೋಣೆಗಿರುವುದು ಶೀಟಿನ ಮಾಡು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮ ಊರಿನ ಮಳೆ ಹೊಡೆಯಲು ತೊಡಗಿದರೆ ಶ್ರುತಿಪೆಟ್ಟಿಗೆಯ ಸದ್ದೇ ಕೇಳಿಸುವುದಿಲ್ಲ; ಆ ದಿನಗಳಲ್ಲಿ ಪಾಠವನ್ನು ಮನೆಯ ಒಳಕೋಣೆಗೆ ವರ್ಗಾಯಿಸುತ್ತಾರೆ, ಮತ್ತು ಜಾಗದ ಆ ಬದಲಾವಣೆಯೇ ಕೆಲವು ಮಕ್ಕಳನ್ನು ಕದಡುತ್ತದೆ. ಅಷ್ಟಮಿಯ ಹೊತ್ತಿನಲ್ಲಿ ಹುಲಿವೇಷದ ತಾಸೆ ವಾದ್ಯ ಬೀದಿಗೆ ಬರುವ ದಿನಗಳಿಗೆ, ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ, ಕೃಷ್ಣಮಠದ ಪರ್ಯಾಯ ಉತ್ಸವದ ದಿನಗಳಿಗೆ ರಜೆ ಕೊಟ್ಟು, ಆ ಪಾಠಗಳನ್ನು ಬೇರೆ ದಿನ ತುಂಬಿಸಿಕೊಡುತ್ತಾರೆ. ವಿಜಯದಶಮಿಯ ಹಾಡಿಕೆ ಅವರ ಚಾವಡಿಯಲ್ಲೇ ನಡೆಯುತ್ತದೆ. ಚಪ್ಪಾಳೆ ತಟ್ಟದೆ ಕೈ ಎತ್ತಿ ಬೀಸಿ ಮೆಚ್ಚುಗೆ ಸೂಚಿಸಬೇಕೆಂದು ಬಂದವರಿಗೆ ಮೊದಲೇ ಹೇಳಿರುತ್ತಾರೆ. ಅಜ್ಜಂದಿರಿಗೆ ಇದು ನೆನಪಿರುವುದಿಲ್ಲ.

ಇಲ್ಲಿಗೆ ವಿಚಾರಿಸಲು ಬರುವ ಹೆತ್ತವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಇದರಿಂದ ಮಗುವಿನ ಆಟಿಸಂ ಕಡಿಮೆಯಾಗುತ್ತದೆಯೇ ಎಂಬುದು. ‘ನನಗೆ ಗೊತ್ತಿರುವುದು ಸಂಗೀತ’ ಎಂಬುದಷ್ಟೇ ಟೀಚರ್ ಕೊಡುವ ಉತ್ತರ. ಈ ಎಚ್ಚರ ಸರಿಯಾದದ್ದು. ಮ್ಯೂಸಿಕ್ ಥೆರಪಿ ಎಂಬುದು ಬೇರೆಯೇ ವೃತ್ತಿ. ಅದಕ್ಕೆ ತರಬೇತಾದ ಚಿಕಿತ್ಸಕರು ಮಗುವಿನ ಸದ್ದು, ಚಲನೆಗಳಿಗೆ ಸ್ಪಂದಿಸಿ ಆ ಕ್ಷಣದಲ್ಲೇ ಸಂಗೀತ ಕಟ್ಟುತ್ತಾರೆ. ಅದರ ಮೇಲೂ ದೊಡ್ಡ ಪ್ರಮಾಣದ ಪರೀಕ್ಷೆ ನಡೆದಿದೆ: ಒಂಬತ್ತು ದೇಶಗಳ 364 ಮಕ್ಕಳನ್ನು ಒಳಗೊಂಡು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐದು ತಿಂಗಳ ಥೆರಪಿಯ ಬಳಿಕವೂ ಆಟಿಸಂನ ಸಾಮಾಜಿಕ ಲಕ್ಷಣಗಳ ತೀವ್ರತೆಯಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಅನಂತರ 2022ರಲ್ಲಿ ಬಂದ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡುವ ಕಾಕ್ರೇನ್ ಪರಾಮರ್ಶೆ ಒಟ್ಟಾರೆ ಸುಧಾರಣೆ ಮತ್ತು ಜೀವನದ ಗುಣಮಟ್ಟದ ದೃಷ್ಟಿಯಿಂದ ಸ್ವಲ್ಪ ಆಶಾದಾಯಕ ಚಿತ್ರವನ್ನು ಕೊಟ್ಟಿದೆ. ಹಾಗಿರುವಾಗ ವಾರಕ್ಕೆರಡು ಸಂಗೀತ ಪಾಠದಿಂದ ಮಗು ‘ಸರಿಹೋಗುತ್ತದೆ’ ಎಂದು ಯಾರಾದರೂ ಭರವಸೆ ಕೊಟ್ಟರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು. ನಮ್ಮ ಹುಡುಗಿಯ ಮಾತು ಹೆಚ್ಚಾಗಿದೆಯೇ ಎಂದು ನೆಂಟರು ಕೇಳುತ್ತಾರೆ. ಅವಳಿಗೆ ಮೋಹನ ರಾಗದ ವರ್ಣ ಬರುತ್ತದೆ ಎಂದು ನಾನು ಹೇಳುತ್ತೇನೆ.

ಕೊರತೆಗಳ ಬಗ್ಗೆ ಬರೆಯದಿದ್ದರೆ ಇದು ವಿಮರ್ಶೆಯಾಗುವುದಿಲ್ಲ. ಅದೇ ಮನೆಯಲ್ಲಿ ಬೇರೊಬ್ಬರು ನಡೆಸುವ ಮೃದಂಗದ ತರಗತಿ ಈ ಮಟ್ಟಕ್ಕೆ ಇಲ್ಲ. ಅಲ್ಲಿ ಸೂಚನೆಗಳೆಲ್ಲ ಬಾಯಿಮಾತಿನಲ್ಲಿ, ಅದೂ ಗಟ್ಟಿಯಾಗಿ ಬರುತ್ತವೆ, ಕಾರ್ಡುಗಳನ್ನು ತರಿಸಿಕೊಳ್ಳಲು ಮಾಷ್ಟ್ರು ಒಪ್ಪಿಲ್ಲ. ಆಟಿಸಂ ಇರುವ ಮಗುವನ್ನು ಅಲ್ಲಿಗೆ ಸೇರಿಸಲು ನಾನು ಹೇಳಲಾರೆ. ಗಾಯನದ ತರಗತಿಯಲ್ಲಿಯೂ ಪ್ರಗತಿಯ ದಾಖಲೆ ಎಂಬುದಿಲ್ಲ; ಎಲ್ಲವೂ ಟೀಚರ್‌ರ ತಲೆಯಲ್ಲಿದೆ. ಅವರು ಕಾಯಿಲೆ ಬಿದ್ದರೆ ಇನ್ನೊಬ್ಬರು ಮುಂದುವರಿಸಲು ಕಾಗದದ ಮೇಲೆ ಏನೂ ಸಿಗುವುದಿಲ್ಲ. ಕಾಯುವವರು ಕುಳಿತುಕೊಳ್ಳುವ ಚಾವಡಿಯಲ್ಲಿ ಸಂಜೆ ಸೊಳ್ಳೆಗಳ ಕಾಟ ವಿಪರೀತ.

ಪರೀಕ್ಷೆಯ ಬಗ್ಗೆ ನನಗೂ ಟೀಚರ್‌ಗೂ ಭಿನ್ನಾಭಿಪ್ರಾಯವಿದೆ. ಅಪರಿಚಿತ ಪರೀಕ್ಷಕರ ಎದುರು, ಅಪರಿಚಿತ ಕೋಣೆಯಲ್ಲಿ ಹಾಡಿಸುವುದು ಹಿಂಸೆ ಎಂದು ಅವರು ಜೂನಿಯರ್ ಪರೀಕ್ಷೆಗೆ ಇಂಥ ಮಕ್ಕಳನ್ನು ಕಳುಹಿಸುವುದಿಲ್ಲ. ಅವರ ಕಾಳಜಿ ಅರ್ಥವಾಗುತ್ತದೆ. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 21 ವಿಧದ ವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ, ಪರೀಕ್ಷಾ ಕ್ರಮದಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಮೊದಲಾದ ಮಾರ್ಪಾಡುಗಳನ್ನು ಮಾಡಬೇಕೆಂಬ ಮಾತೂ ಆ ಕಾಯಿದೆಯಲ್ಲಿದೆ. ಪರೀಕ್ಷೆ ನಡೆಸುವವರಿಗೆ ಮೊದಲೇ ಪತ್ರ ಬರೆದು ಕೋಣೆಯನ್ನು ಒಮ್ಮೆ ತೋರಿಸಿ ಬರಲು, ಶ್ರುತಿಯನ್ನು ವಿದ್ಯಾರ್ಥಿಯೇ ತರಲು ಅನುಮತಿ ಕೇಳಬಹುದು. ಕೇಳದೆಯೇ ಬಿಟ್ಟುಬಿಟ್ಟರೆ, ಗಮಕದಲ್ಲಿ ಕೊಡದ ರಿಯಾಯಿತಿಯನ್ನು ಇಲ್ಲಿ ಕೊಟ್ಟಂತಾಯಿತು. ನಮ್ಮ ಹುಡುಗಿಯ ಮಟ್ಟಿಗೆ ಮುಂದಿನ ವರ್ಷ ಪ್ರಯತ್ನಿಸಲು ಟೀಚರ್ ಅರೆಮನಸ್ಸಿನಿಂದ ಒಪ್ಪಿದ್ದಾರೆ.

ಹೊಸಬರನ್ನು ವರ್ಷಕ್ಕೊಮ್ಮೆ, ವಿಜಯದಶಮಿಯ ಬಳಿಕ ಮಾತ್ರ ಸೇರಿಸಿಕೊಳ್ಳುತ್ತಾರೆ, ಅದೂ ಯಾರಾದರೂ ಬಿಟ್ಟು ಹೋಗಿದ್ದರೆ. ಮೊದಲ ನಾಲ್ಕು ಪಾಠಗಳಿಗೆ ಶುಲ್ಕವಿಲ್ಲ. ಆ ಪಾಠಗಳಲ್ಲಿ ಮಗು ಹಾಡಲೇಬೇಕೆಂದಿಲ್ಲ, ಬಾಗಿಲ ಬಳಿ ನಿಂತು ಕೇಳಿಸಿಕೊಂಡು ಹೋದರೂ ಆದೀತು. ಜಾಗ ಸಿಗದವರು ತಮ್ಮ ಊರಿನ ತರಗತಿಯನ್ನು ವಿಚಾರಿಸುವಾಗ ಮೂರು ವಿಷಯಗಳನ್ನು ಕೇಳಬಹುದು: ಮಗು ನಡುವೆ ಪಾಠ ನಿಲ್ಲಿಸಲು ಬಯಸಿದರೆ ಹೇಗೆ ತಿಳಿಸಬೇಕು, ಶ್ರುತಿ ಯಾರ ಕಂಠಕ್ಕೆ ತಕ್ಕಂತೆ ಇರುತ್ತದೆ, ಮತ್ತು ಇದೇ ರೀತಿಯ ವಿದ್ಯಾರ್ಥಿಗೆ ಹಿಂದಿನ ವರ್ಷ ಯಾವ ಪಾಠದವರೆಗೆ ಆಯಿತು. ಕೊನೆಯ ಪ್ರಶ್ನೆಗೆ ‘ಅವರು ಸುಮ್ಮನೆ ಬಂದು ಕೂರುತ್ತಾರೆ, ಖುಷಿಯಾಗಿರುತ್ತಾರೆ’ ಎಂಬ ಉತ್ತರ ಬಂದರೆ ಮುಂದಿನ ತರಗತಿಯನ್ನು ವಿಚಾರಿಸಿ.